ಆರ್.ಇ.ಎಂ. ತಂಡದ ‘ಲೆಟ್ ಮಿ ಇನ್’ ಹಾಡಿನಲ್ಲಿ ನನಗೆ ಗದ್ದಲ ಬಿಟ್ಟು ಏನೂ ಕೇಳಿಸಲಿಲ್ಲ. ಅದು ಶ್ರದ್ಧಾಂಜಲಿ ಹೇಗಾಗುತ್ತದೆ?

ನೀವು ಕೇಳಿರುವುದು ಇಷ್ಟು: ನಿರ್ವಾಣ ತಂಡದ ಹಾಡುಗಳನ್ನು ಇಷ್ಟಪಡುವ ನಿಮಗೆ ಯಾರೋ ಆರ್.ಇ.ಎಂ. ತಂಡದ ‘ಲೆಟ್ ಮಿ ಇನ್’ ಹಾಡನ್ನು ಕೇಳಲು ಹೇಳಿದರು, ಅದು ನಿರ್ವಾಣದ ಗಾಯಕ ಕರ್ಟ್ ಕೋಬೇನ್ ಅವರ ಸಾವಿನ ಬಳಿಕ ಅವರಿಗಾಗಿ ಕಟ್ಟಿದ ಹಾಡು ಎಂದೂ ತಿಳಿಸಿದರು. ಆದರೆ ಎರಡು ಸಲ ಕೇಳಿದರೂ ನಿಮಗೆ ಅದರಲ್ಲಿ ಕೋಬೇನ್ ಹೆಸರು ಸಿಗಲಿಲ್ಲ, ಹೊಗಳಿಕೆಯ ಒಂದು ಮಾತೂ ಸಿಗಲಿಲ್ಲ, ಹಾಡುವವರ ದನಿಯೇ ಗಿಟಾರಿನ ಗದ್ದಲದಲ್ಲಿ ಮುಳುಗಿಹೋಗಿತ್ತು. ಹೀಗಿರುವಾಗ ಇದನ್ನು ಶ್ರದ್ಧಾಂಜಲಿ ಎನ್ನುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದನಿ ಹಾಗೆ ಮುಳುಗಿರುವುದರಲ್ಲಿಯೇ ಈ ಹಾಡಿನ ಅರ್ಥವಿದೆ. ಗೆಳೆಯ ಬದುಕಿದ್ದಾಗ ಅವನಿಗೆ ತಲುಪದೆ ಹೋದ ಕರೆಯನ್ನು ಈ ಹಾಡು ಇನ್ನೊಮ್ಮೆ ಕರೆಯುತ್ತದೆ, ಮತ್ತು ಅದು ತಲುಪದೆ ಹೋದದ್ದನ್ನು ನಮ್ಮ ಕಿವಿಗೆ ಕೇಳಿಸುತ್ತದೆ.

ನಿಮಗಾದ ಅನುಭವ ನನಗೂ ಆಗಿತ್ತು. ನಾನು ಇದನ್ನು ಮೊದಲು ಕೇಳಿದ್ದು ಕಾಲೇಜಿನ ಹಾಸ್ಟೆಲಿನಲ್ಲಿ, ಕೊಠಡಿಯ ಗೆಳೆಯ ತಂದಿದ್ದ ‘ಮಾನ್‌ಸ್ಟರ್’ ಆಲ್ಬಮಿನ ಕ್ಯಾಸೆಟ್‌ನಲ್ಲಿ. ಕಿತ್ತಳೆ ಬಣ್ಣದ ಹೊದಿಕೆಯ ಮೇಲೆ ಮಸುಕಾದ ಕರಡಿಯ ಮುಖವಿದ್ದ ಆ ಕ್ಯಾಸೆಟ್‌ನ ಎರಡನೆಯ ಬದಿಯಲ್ಲಿ ಈ ಹಾಡು ಶುರುವಾದಾಗ, ಟೇಪ್‌ರೆಕಾರ್ಡರಿನ ಹೆಡ್‌ಗೆ ಕೊಳೆ ಹಿಡಿದಿದೆ ಎಂದುಕೊಂಡು ನಾವು ಅದನ್ನು ನಿಲ್ಲಿಸಿದೆವು. ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಹೆಡ್ಡನ್ನು ಜೋಪಾನವಾಗಿ ಒರೆಸಿದೆವು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಕ್ಯಾಸೆಟ್ಟನ್ನು ಮತ್ತೆ ಹಾಕಿ, ಸ್ವಲ್ಪ ಹಿಂದಕ್ಕೆ ಸುತ್ತಿ ಕೇಳಿದಾಗ ಹಾಡು ಮೊದಲಿದ್ದ ಹಾಗೆಯೇ ಇತ್ತು. ಅಂದಿನಿಂದ ಆ ಹಾಡು ಬಂದೊಡನೆ ಮುಂದಿನ ಹಾಡಿಗೆ ಓಡಿಸುವುದು ನಮ್ಮ ರೂಢಿಯಾಯಿತು. ಅದರ ಹಿಂದಿನ ಕಥೆಯನ್ನು ತಿಳಿದು ಅದನ್ನು ಪೂರ್ತಿಯಾಗಿ ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆದ್ದರಿಂದ ಆ ಕಥೆಯಿಂದಲೇ ಆರಂಭಿಸುತ್ತೇನೆ.

ಆರ್.ಇ.ಎಂ. ಅಮೆರಿಕದ ಜಾರ್ಜಿಯಾ ರಾಜ್ಯದ ಆಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ 1980ರಲ್ಲಿ ಹುಟ್ಟಿದ ರಾಕ್ ಸಂಗೀತದ ತಂಡ. ಹಾಡುವವರು ಮೈಕೆಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ಬೇಸ್ (ಮಂದ್ರ ಸ್ವರದ ಗಿಟಾರ್) ಮೈಕ್ ಮಿಲ್ಸ್, ಡ್ರಮ್ಸ್ ಬಿಲ್ ಬೆರ್ರಿ. ಕಾಲೇಜು ರೇಡಿಯೊಗಳ ಬೆಂಬಲದಿಂದ, ಊರೂರು ಸುತ್ತಿ ಹಾಡುತ್ತ, ಹತ್ತು ವರ್ಷಗಳಲ್ಲಿ ನಿಧಾನವಾಗಿ ಮೇಲೆ ಬಂದವರು ಅವರು. ಕೋಬೇನ್ ಅವರಿಗೆ ಆ ನಿಧಾನ ಸಿಗಲಿಲ್ಲ. ವಾಷಿಂಗ್ಟನ್ ರಾಜ್ಯದ ಆಬರ್ಡೀನ್ ಎಂಬ ಊರಿನಲ್ಲಿ 1967ರಲ್ಲಿ ಹುಟ್ಟಿದ ಅವರು, 1991ರ ಸೆಪ್ಟೆಂಬರಿನಲ್ಲಿ ‘ನೆವರ್‌ಮೈಂಡ್’ ಆಲ್ಬಮ್ ಬಂದ ಕೆಲವೇ ತಿಂಗಳುಗಳಲ್ಲಿ ಜಗತ್ತೆಲ್ಲ ಗುರುತಿಸುವ ಮುಖವಾದರು, ಮತ್ತು ಆ ಖ್ಯಾತಿಯನ್ನು ಹೊರುವುದು ಅವರಿಗೆ ಕಷ್ಟವಾಯಿತು. ಖ್ಯಾತಿಯನ್ನು ಹೊತ್ತೂ ಕೆಡದೆ ಉಳಿಯಬಹುದು ಎಂಬುದಕ್ಕೆ ಅವರ ಕಣ್ಣಿಗೆ ಕಂಡ ಉದಾಹರಣೆ ಆರ್.ಇ.ಎಂ. 1994ರ ಆರಂಭದಲ್ಲಿ ಪ್ರಕಟವಾದ ಒಂದು ಸಂದರ್ಶನದಲ್ಲಿ ಅವರು ಆ ತಂಡ ತನ್ನ ಯಶಸ್ಸನ್ನು ನಿಭಾಯಿಸಿದ ರೀತಿಯನ್ನು ಮನಸಾರೆ ಮೆಚ್ಚಿಕೊಂಡಿದ್ದರು. ತಮ್ಮ ಮುಂದಿನ ಆಲ್ಬಮ್ ಅಬ್ಬರ ತಗ್ಗಿಸಿ, ವಿದ್ಯುತ್ತಿನ ನೆರವಿಲ್ಲದ ಅಕೂಸ್ಟಿಕ್ ವಾದ್ಯಗಳ ಕಡೆಗೆ ತಿರುಗಿ, ಆರ್.ಇ.ಎಂ.ನ ಹಿಂದಿನ ಆಲ್ಬಮಿನ ಹಾದಿಯಲ್ಲಿರುತ್ತದೆ ಎಂಬರ್ಥದ ಮಾತನ್ನೂ ಆಡಿದ್ದರು. ಆ ಆಲ್ಬಮ್ ಬರಲಿಲ್ಲ.

ಅಭಿಮಾನದ ಜೊತೆಗೆ ಬಳಕೆಯೂ ಇತ್ತು. ಕೋಬೇನ್ ದಂಪತಿ ಸಿಯಾಟಲ್‌ನಲ್ಲಿ ಕೊಂಡ ಮನೆಯ ನೆರೆಯವರು ಪೀಟರ್ ಬಕ್. 1992ರಲ್ಲಿ ಹುಟ್ಟಿದ ಕೋಬೇನ್ ಅವರ ಮಗಳಿಗೆ ಸ್ಟೈಪ್ ಗಾಡ್‌ಫಾದರ್, ಅಂದರೆ ಕ್ರೈಸ್ತ ಪದ್ಧತಿಯಂತೆ ಮಗುವಿನ ಹೊಣೆ ಹೊರುವ ಹಿರಿಯ. 1994ರ ವಸಂತದ ವೇಳೆಗೆ ಕೋಬೇನ್ ಅವರ ಸ್ಥಿತಿ ಕೆಡುತ್ತ ಬಂದಾಗ ಸ್ಟೈಪ್ ಅವರಿಗೆ ಫೋನ್ ಮಾಡಿ ಮಾತನಾಡಿಸುತ್ತಿದ್ದರು. ಇಬ್ಬರೂ ಸೇರಿ ಏನಾದರೂ ಸಂಗೀತ ಮಾಡೋಣ ಎಂದು ಆಹ್ವಾನ ಕೊಟ್ಟರು. ಅದರ ಹಿಂದಿದ್ದ ಉದ್ದೇಶ ಅವರನ್ನು ಆ ಮನೆಯಿಂದ, ಆ ಊರಿನಿಂದ ಕೆಲವು ದಿನ ಹೊರಗೆ ಕರೆತರುವುದು ಎಂದು ಸ್ಟೈಪ್ ಅವರೇ ಮುಂದೆ ಹೇಳಿದ್ದಾರೆ. ವಿಮಾನದ ಟಿಕೆಟ್ ಕಳಿಸಿದರು, ನಿಲ್ದಾಣಕ್ಕೆ ಕರೆದೊಯ್ಯಲು ಕಾರು ಮತ್ತು ಚಾಲಕನನ್ನೂ ಕಳಿಸಿದರು. ಕೋಬೇನ್ ಟಿಕೆಟ್ಟನ್ನು ಮಲಗುವ ಕೋಣೆಯ ಗೋಡೆಗೆ ಚುಚ್ಚಿಟ್ಟರು. ಚಾಲಕ ಹತ್ತು ತಾಸು ಮನೆಯ ಹೊರಗೆ ಕಾದ. ಒಳಗಿದ್ದವರು ಹೊರಗೆ ಬರಲಿಲ್ಲ, ಫೋನನ್ನೂ ಎತ್ತಲಿಲ್ಲ.

ಹಾಡಿನ ಹೆಸರಿನ ಅರ್ಥ ‘ನನ್ನನ್ನು ಒಳಗೆ ಬಿಡು’ ಎಂದು. ಆ ಹತ್ತು ತಾಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದರೆ ಈ ಎರಡು ಮೂರು ಪದಗಳು ಎಷ್ಟು ಭಾರವಾಗಿವೆ ಎಂಬುದು ಗೊತ್ತಾಗುತ್ತದೆ.

1994ರ ಏಪ್ರಿಲ್ 8ರಂದು, ಮನೆಯ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಕೋಬೇನ್ ಅವರ ಶವವನ್ನು ಕಂಡರು. ಮೂರು ದಿನ ಮೊದಲು, ಏಪ್ರಿಲ್ 5ರಂದು, ಅವರು ತಮ್ಮ ಜೀವ ತಾವೇ ತೆಗೆದುಕೊಂಡಿದ್ದರು ಎಂದು ತಿಳಿದುಬಂತು. ಅವರಿಗೆ 27 ವರ್ಷ. (ಆರ್.ಇ.ಎಂ. ತನ್ನ ಮೊದಲ ಕಾರ್ಯಕ್ರಮ ಕೊಟ್ಟದ್ದು 1980ರ ಏಪ್ರಿಲ್ 5ರಂದು, ಆಥೆನ್ಸ್‌ನ ಒಂದು ಹಳೆಯ ಚರ್ಚ್ ಕಟ್ಟಡದಲ್ಲಿ ನಡೆದ ಹುಟ್ಟುಹಬ್ಬದ ಕೂಟದಲ್ಲಿ. ಇದು ಕಾಕತಾಳೀಯವಷ್ಟೇ, ಆದರೂ ಒಮ್ಮೆ ತಿಳಿದ ಮೇಲೆ ಮರೆಯಲಾಗುವುದಿಲ್ಲ.) ಕೊನೆಯ ದಿನಗಳಲ್ಲಿ ಕೋಬೇನ್ ಕೇಳುತ್ತಿದ್ದದ್ದು ಆರ್.ಇ.ಎಂ.ನ ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’, ಆ ಡಿಸ್ಕ್ ಅವರ ಸ್ಟೀರಿಯೊದಲ್ಲಿಯೇ ಇತ್ತು ಎಂದು ವರದಿಯಾಗಿದೆ. 1992ರ ಆ ಆಲ್ಬಮಿನಲ್ಲಿ ‘ಎವ್ರಿಬಡಿ ಹರ್ಟ್ಸ್’ ಎಂಬ ಹಾಡಿದೆ. ಬದುಕು ಸಾಕೆನಿಸಿದ ಹದಿಹರೆಯದ ಮಕ್ಕಳಿಗೆ ನೇರವಾಗಿ ಅರ್ಥವಾಗಲೆಂದು ಬೇಕೆಂದೇ ಸರಳ ಮಾತುಗಳಲ್ಲಿ ಬರೆದ, ಅವರ ಕೈ ಹಿಡಿದು ನಿಲ್ಲಿಸಲು ಯತ್ನಿಸುವ ಹಾಡು ಅದು. ಅಂಥ ಹಾಡನ್ನು ಹಾಡಿದವರಿಗೆ, ಅದೇ ಆಲ್ಬಮನ್ನು ಕೇಳುತ್ತಿದ್ದ ತಮ್ಮ ಗೆಳೆಯನನ್ನು ಉಳಿಸಿಕೊಳ್ಳಲಾಗಲಿಲ್ಲ. ಎರಡು ವರ್ಷಗಳ ಬಳಿಕ ಅವರು ಅದೇ ಬಗೆಯ ಸ್ಪಷ್ಟ ಮಾತುಗಳಲ್ಲಿ ಸಮಾಧಾನ ಹೇಳುವ ಇನ್ನೊಂದು ಹಾಡನ್ನು ಏಕೆ ಬರೆಯಲಿಲ್ಲ ಎಂಬುದನ್ನು ಇಲ್ಲಿಂದ ಅರ್ಥ ಮಾಡಿಕೊಳ್ಳಬಹುದು ಎಂದು ನನಗನಿಸುತ್ತದೆ. ಆಗ ಮಾತು ಸ್ಪಷ್ಟವಾಗಿತ್ತು, ಕೇಳುವವನು ಇನ್ನೂ ಇದ್ದ. ಈಗ ಕೇಳಬೇಕಾದವನೇ ಇಲ್ಲ.

ಸುದ್ದಿ ಬಂದಾಗ ‘ಮಾನ್‌ಸ್ಟರ್’ ಆಲ್ಬಮಿನ ಕೆಲಸ ನಡೆಯುತ್ತಿತ್ತು. ಅದಾಗಲೇ ತಂಡ ಇನ್ನೊಂದು ಸಾವಿನ ನೆರಳಿನಲ್ಲಿತ್ತು; ಸ್ಟೈಪ್ ಅವರ ಆಪ್ತ ಗೆಳೆಯ, ನಟ ರಿವರ್ ಫೀನಿಕ್ಸ್ 1993ರ ಅಕ್ಟೋಬರ್ 31ರಂದು, 23ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು, ಮತ್ತು ಆಲ್ಬಮ್ ಅರ್ಪಣೆಯಾಗಿರುವುದು ಅವರಿಗೆ. 1994ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡುಗಡೆಯಾದ ಈ ಆಲ್ಬಮಿನ ಹನ್ನೆರಡು ಹಾಡುಗಳಲ್ಲಿ ‘ಲೆಟ್ ಮಿ ಇನ್’ ಹತ್ತನೆಯದು. ಸುಮಾರು ಮೂರೂವರೆ ನಿಮಿಷದ ಹಾಡು. ಆಲ್ಬಮಿನಿಂದ ಐದು ಹಾಡುಗಳು ಸಿಂಗಲ್‌ಗಳಾಗಿ ಪ್ರತ್ಯೇಕವಾಗಿ ಹೊರಬಂದವು. ಇದು ಅವುಗಳಲ್ಲಿ ಇರಲಿಲ್ಲ.

ಈಗ ನಿಮ್ಮನ್ನು ತಡೆದು ನಿಲ್ಲಿಸಿದ ಆ ಗದ್ದಲಕ್ಕೆ ಬರೋಣ. ಹಾಡು ತೆರೆದುಕೊಳ್ಳುವುದೇ ದಟ್ಟವಾದ ಡಿಸ್ಟಾರ್ಷನ್ (ಸ್ವರವನ್ನು ಒರಟಾಗಿ ಒಡೆಯುವ ಪರಿಣಾಮ) ಹಾಕಿದ ಒಂದು ಎಲೆಕ್ಟ್ರಿಕ್ ಗಿಟಾರಿನಿಂದ. ನುಡಿಸುತ್ತಿರುವವರು ಬೇಸ್ ವಾದಕ ಮೈಕ್ ಮಿಲ್ಸ್. ಎಂದಿನ ಗಿಟಾರ್ ವಾದಕ ಪೀಟರ್ ಬಕ್ ಇಲ್ಲಿ ಫಾರ್ಫಿಸಾ ಎಂಬ ಹಳೆಯ ಎಲೆಕ್ಟ್ರಿಕ್ ಆರ್ಗನ್ ಮುಂದೆ ಕುಳಿತಿದ್ದಾರೆ. ಹಾಡಿಗೆ ನಡೆ ಕೊಡುವ ಡ್ರಮ್ಸ್ ಬಡಿತ ಇಲ್ಲ. ಹೀಗಾಗಿ ಕಾಲು ತಾಳ ಹಾಕಲು ಹೋದರೆ ಊರಲು ನೆಲ ಸಿಗುವುದಿಲ್ಲ, ಸ್ವರಮೇಳಗಳು ಒಂದರ ಮೇಲೊಂದು ಉರುಳಿ ಬರುತ್ತಲೇ ಇರುತ್ತವೆ. ತಂಬೂರಿಯ ಶ್ರುತಿ ಹಾಡುವವರ ಹಿಂದೆ ನಿಂತು ಅವರನ್ನು ಎತ್ತಿ ಹಿಡಿಯುತ್ತದೆ. ಈ ಗಿಟಾರ್ ಕೂಡ ಬಿಡುವಿಲ್ಲದೆ ಮೊರೆಯುತ್ತದೆ, ಆದರೆ ಹಾಡುವವರ ಮುಂದೆ ಅಡ್ಡ ನಿಂತು. ಸ್ಟೈಪ್ ಅವರ ದನಿ ಅದರ ಆಚೆಯಿಂದ ಬರುತ್ತದೆ, ತುಸು ಎತ್ತರದ ಸ್ಥಾಯಿಯಲ್ಲಿ, ಒಡೆಯುವ ಅಂಚಿನಲ್ಲಿ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಮಳೆಯ ಹೊತ್ತಿನಲ್ಲಿ ತಗಡಿನ ಮಾಡಿನ ಕೆಳಗಿದ್ದಾಗ ಹೊರಗೆ ಯಾರೋ ನಮ್ಮನ್ನು ಕೂಗಿದರೆ ಹೇಗೆ ಕೇಳಿಸುತ್ತದೆಯೋ ಹಾಗೆ: ಕೂಗುತ್ತಿದ್ದಾರೆ ಎಂಬುದು ಖಚಿತ, ಏನೆಂದು ಕೂಗುತ್ತಿದ್ದಾರೆ ಎಂಬುದು ಅರ್ಧ ಮಾತ್ರ. ಆಗ ಒಳಗಿರುವವರು ನಾವು, ಹೊರಗೆ ನಿಂತು ಬಾಗಿಲು ತೆಗೆ ಎನ್ನುತ್ತಿರುವವರು ಸ್ಟೈಪ್. ಕೋಬೇನ್ ಇದ್ದ ಜಾಗದಲ್ಲಿ ಹಾಡು ನಮ್ಮನ್ನು ಕೂರಿಸುತ್ತದೆ. ನನಗೆ ಇದು ಹೊಳೆದ ದಿನದಿಂದ ಆ ಗದ್ದಲ ಅಡಚಣೆಯಾಗಿ ಕೇಳಿಸಿಲ್ಲ.

ಮಾತುಗಳೂ ಇದನ್ನೇ ಹೇಳುತ್ತವೆ. ಬೆಣ್ಣೆಯಂತೆ ಕರಗಿ ತೊಟ್ಟಿಕ್ಕುವ ನಕ್ಷತ್ರಗಳು, ಅವನ್ನು ಹಿಡಿಯಲು ಪಾತ್ರೆಯೊಡ್ಡಿ ನಿಂತ ಜನ, ಇವು ಮೊದಲ ಚಿತ್ರಗಳು. ಅವುಗಳಲ್ಲಿ ನನಗೆ ಕಾಣುವುದು ಖ್ಯಾತಿ, ಮತ್ತು ಅದನ್ನು ಬಾಯ್ತುಂಬ ಸವಿದ ನಾವೆಲ್ಲರೂ. ಮುಂದೆ ಹಾಡುವವನು ತನ್ನ ಕಾಲಿಗೆ ಡಾಂಬರು ಮೆತ್ತಿಕೊಂಡಿದೆ, ಕಣ್ಣು ಕಾಣುತ್ತಿಲ್ಲ, ಮೇಲಿನಿಂದ ಹಕ್ಕಿಗಳು ನೋಡಿ ನಗುತ್ತಿವೆ ಎನ್ನುತ್ತಾನೆ. ತಡೆಯಬೇಕೆಂದು ಮನಸ್ಸಿದ್ದರೂ ಹೆಜ್ಜೆ ಕೀಳಲಾಗದ ಮನುಷ್ಯನಿಗೆ ಇದಕ್ಕಿಂತ ಸರಿಯಾದ ಚಿತ್ರ ನನಗೆ ಗೊತ್ತಿಲ್ಲ. ಇಡೀ ಹಾಡು ಎದುರಿಗಿರುವವನನ್ನು ಉದ್ದೇಶಿಸಿದೆ. ಇಂಗ್ಲಿಷಿನಲ್ಲಿ ಹಿರಿಯರಿಗೂ ಕಿರಿಯರಿಗೂ ಒಂದೇ ಸರ್ವನಾಮವಿರುವುದರಿಂದ ಅಲ್ಲಿ ಮರೆಯಾಗಿರುವ ಒಂದು ಸಂಗತಿ ಕನ್ನಡದಲ್ಲಿ ಯೋಚಿಸಿದಾಗ ಎದ್ದು ಕಾಣುತ್ತದೆ. ಸ್ಟೈಪ್ ಹುಟ್ಟಿದ್ದು 1960ರಲ್ಲಿ, ಕೋಬೇನ್ ಅವರಿಗಿಂತ ಏಳು ವರ್ಷ ದೊಡ್ಡವರು. ಈ ಹಾಡನ್ನು ಕನ್ನಡಕ್ಕೆ ತರುವವರು ‘ನೀವು’ ಎಂದು ಬರೆಯುವುದು ಸಾಧ್ಯವೇ ಇಲ್ಲ; ಇದು ಅಣ್ಣನೊಬ್ಬ ತಮ್ಮನಿಗೆ ‘ನೀನು’ ಎಂದು ಕೂಗಿ ಹೇಳುವ ಮಾತು. ಹೆಸರು ಏಕಿಲ್ಲ ಎಂಬ ನಿಮ್ಮ ಸಂದೇಹಕ್ಕೂ ಉತ್ತರ ಇಲ್ಲಿಯೇ ಇದೆ. ಮುಚ್ಚಿದ ಬಾಗಿಲಿನ ಆಚೆಗಿರುವವನನ್ನು ಕರೆಯುವಾಗ, ಅವನು ಯಾರೆಂದು ದಾರಿಹೋಕರಿಗೆ ಪರಿಚಯ ಮಾಡಿಕೊಡುವುದಿಲ್ಲ.

ಹೊಗಳಿಕೆ ಇಲ್ಲದಿರುವುದನ್ನೂ ನೀವು ಕೊರತೆಯಾಗಿ ಹೇಳಿದ್ದೀರಿ. ನಮ್ಮಲ್ಲಿ ನುಡಿನಮನ ಎಂದರೆ ಭಾವಚಿತ್ರಕ್ಕೆ ಹಾರ ಹಾಕಿ, ಹೋದವರ ಗುಣಗಳನ್ನು ಒಬ್ಬೊಬ್ಬರಾಗಿ ಎದ್ದು ನಿಂತು ಹೇಳುವುದು. ಅದಕ್ಕೆ ಅದರದೇ ಬೆಲೆ ಇದೆ, ಮನೆಯವರಿಗೆ ಅದರಿಂದ ಬಲ ಬರುತ್ತದೆ. ಆದರೆ ಕೋಬೇನ್ ಅವರ ವಿಷಯದಲ್ಲಿ ಹೊಗಳಿಕೆಗೆ ಕೊರತೆ ಇರಲಿಲ್ಲ, ಅವರನ್ನು ಬಾಗಿಸಿದ ಹೊರೆಗಳಲ್ಲಿ ಹೊಗಳಿಕೆಯೂ ಒಂದಾಗಿತ್ತು. ಅದಕ್ಕೆ ಇನ್ನಷ್ಟನ್ನು ಸೇರಿಸದೆ ಇದ್ದದ್ದು ಗೆಳೆಯರು ತೋರಿದ ಗೌರವ ಎಂದೇ ನಾನು ತಿಳಿಯುತ್ತೇನೆ.

ಈ ಹಾಡಿನ ಜೊತೆ ಒಂದು ವಾದ್ಯದ ಕಥೆಯೂ ಸೇರಿಕೊಂಡಿದೆ. ಕೋಬೇನ್ ಫೆಂಡರ್ ಕಂಪನಿಯ ಜಾಗ್ವಾರ್ ಮತ್ತು ಮಸ್ಟಾಂಗ್ ಗಿಟಾರ್‌ಗಳ ಫೋಟೊಗಳನ್ನು ಅರ್ಧಕ್ಕೆ ಕತ್ತರಿಸಿ, ಎರಡನ್ನೂ ಜೋಡಿಸಿ, ತಮಗೆ ಇಂಥದೊಂದು ಬೇಕು ಎಂದು ತೋರಿಸಿದ್ದರು. ಹಾಗೆ ತಯಾರಾದದ್ದು ಜಾಗ್‌ಸ್ಟಾಂಗ್. ಅವರು ಎಡಗೈಯಲ್ಲಿ ಮೀಟುವವರಾದ್ದರಿಂದ ಅದನ್ನು ಎಡಗೈಗೆ ಒಗ್ಗುವಂತೆ ಮಾಡಲಾಗಿತ್ತು. ಅವರ ಮರಣದ ನಂತರ ಪತ್ನಿ ಕೋರ್ಟ್ನಿ ಲವ್ ಆ ತಿಳಿನೀಲಿ ಗಿಟಾರನ್ನು ಪೀಟರ್ ಬಕ್ ಅವರಿಗೆ ಕೊಟ್ಟರು, ಮತ್ತು 1995ರ ವಿಶ್ವಪ್ರವಾಸದಲ್ಲಿ ‘ಲೆಟ್ ಮಿ ಇನ್’ ಬಂದಾಗ ಮೈಕ್ ಮಿಲ್ಸ್ ಅದನ್ನು ಕೈಗೆತ್ತಿಕೊಳ್ಳುತ್ತಿದ್ದರು. ನಾನು ಅಲ್ಪಸ್ವಲ್ಪ ಗಿಟಾರ್ ನುಡಿಸುತ್ತೇನೆ, ಎಡಗೈಯ ಗೆಳೆಯನೊಬ್ಬನ ಗಿಟಾರನ್ನು ಒಮ್ಮೆ ಮಡಿಲಿಗೆ ಎತ್ತಿಕೊಂಡಿದ್ದೆ. ಬಲಗೈಯವರು ಹಿಡಿದರೆ ಅದು ತಲೆಕೆಳಗಾಗುತ್ತದೆ: ದಪ್ಪ ತಂತಿ ಕೆಳಕ್ಕೆ ಬರುತ್ತದೆ, ಸಪೂರ ತಂತಿ ಮೇಲಕ್ಕೆ ಹೋಗುತ್ತದೆ, ದನಿ ಏರಿಸಿ ಇಳಿಸುವ ಗುಬಟುಗಳು ಮೀಟುವ ಕೈಯ ಮುಂಗೈಗೆ ತಗುಲುತ್ತವೆ. ತಂತಿಗಳನ್ನು ಬಿಚ್ಚಿ ಅದಲುಬದಲು ಮಾಡಿ ಕಟ್ಟಿದರೂ ಮರದ ಆಕಾರ ಬೇರೊಬ್ಬರ ಮೈಗೆ ಕೊರೆದದ್ದಾಗಿಯೇ ಉಳಿಯುತ್ತದೆ. ಸಾವಿರಾರು ಜನರ ಮುಂದೆ ಆ ವಾದ್ಯವನ್ನು ಎದೆಗೆ ಅವುಚಿಕೊಂಡು ನಿಂತವರಿಗೆ, ಅದು ಯಾರ ಕೈಗಾಗಿ ಮಾಡಿದ್ದು ಎಂಬುದನ್ನು ಒಂದು ಕ್ಷಣವಾದರೂ ಮರೆಯಲು ಆಗಿರಲಾರದು.

ಧ್ವನಿಮುದ್ರಣದ ಕೋಣೆಯಲ್ಲಿಯೂ ಎರಡೂ ತಂಡಗಳೊಂದಿಗೆ ಕೆಲಸ ಮಾಡಿದ ಒಬ್ಬರಿದ್ದರು. ‘ಮಾನ್‌ಸ್ಟರ್’ ಆಲ್ಬಮನ್ನು ತಂಡದೊಂದಿಗೆ ನಿರ್ಮಿಸಿದ ಸ್ಕಾಟ್ ಲಿಟ್, 1993ರಲ್ಲಿ ನಿರ್ವಾಣದ ‘ಇನ್ ಯೂಟೆರೊ’ ಆಲ್ಬಮಿನ ಒಂದೆರಡು ಹಾಡುಗಳನ್ನು ಮರುಮಿಶ್ರಣ ಮಾಡಿದ್ದರು, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ದನಿ ಮತ್ತು ವಾದ್ಯಗಳ ಪ್ರಮಾಣವನ್ನು ಹೊಸದಾಗಿ ಹೊಂದಿಸಿದ್ದರು. 1993ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಮುದ್ರಿತವಾದ ನಿರ್ವಾಣದ ಅನ್‌ಪ್ಲಗ್ಡ್ (ಬಹುಪಾಲು ಅಕೂಸ್ಟಿಕ್ ವಾದ್ಯಗಳ) ಕಾರ್ಯಕ್ರಮ ಕೋಬೇನ್ ತೀರಿಕೊಂಡ ಮೇಲೆ, 1994ರ ನವೆಂಬರಿನಲ್ಲಿ ಆಲ್ಬಮಾಗಿ ಬಂದಾಗ ತಂಡದ ಜೊತೆಗೆ ನಿರ್ಮಾಪಕರಾಗಿ ಇದ್ದದ್ದು ಅವರದೇ ಹೆಸರು. ಹೊರಗೆ ನಿಂತು ಕೂಗುವ ದನಿ ಮತ್ತು ಒಳಗೇ ಉಳಿದುಹೋದ ದನಿ, ಎರಡೂ ಅವರ ಕಿವಿಯನ್ನು ಹಾದು ನಮಗೆ ಬಂದಿವೆ. ‘ಮಾನ್‌ಸ್ಟರ್’ಗೆ 25 ವರ್ಷ ತುಂಬಿದಾಗ, 2019ರಲ್ಲಿ, ಲಿಟ್ ಇಡೀ ಆಲ್ಬಮನ್ನು ಮತ್ತೆ ಮಿಶ್ರಣ ಮಾಡಿದರು. ಹಳೆಯ ಮಿಶ್ರಣದ ಬಗ್ಗೆ ಅವರಿಗೆ ಬಹುಕಾಲದಿಂದ ಅತೃಪ್ತಿ ಇತ್ತು, ಹೊಸದರಲ್ಲಿ ಸ್ಟೈಪ್ ಅವರ ದನಿಯನ್ನು ಮುಂದಕ್ಕೆ ತಂದರು. ಆಲ್ಬಮಿನ ಎಷ್ಟೋ ಹಾಡುಗಳಿಗೆ ಇದರಿಂದ ಉಪಕಾರವಾಗಿದೆ. ಈ ಒಂದು ಹಾಡಿಗೆ ಮಾತ್ರ ನಾನು ಹಳೆಯ ಮಿಶ್ರಣವನ್ನೇ ಒಪ್ಪುತ್ತೇನೆ, ಏಕೆಂದರೆ ದನಿ ಹತ್ತಿರ ಬಂದೊಡನೆ ಬಾಗಿಲು ಅರ್ಧ ತೆರೆದಂತಾಗುತ್ತದೆ, ಮತ್ತು ನಡೆದದ್ದು ಹಾಗಲ್ಲ.

ಕೋಬೇನ್ ಅವರಿಗಾಗಿ ಬೇರೆಯವರೂ ಹಾಡಿದ್ದಾರೆ. ನೀಲ್ ಯಂಗ್ 1994ರಲ್ಲಿ ‘ಸ್ಲೀಪ್ಸ್ ವಿತ್ ಏಂಜಲ್ಸ್’ ಹಾಡಿದರು, ರೆಡ್ ಹಾಟ್ ಚಿಲಿ ಪೆಪರ್ಸ್ 1995ರಲ್ಲಿ ‘ಟಿಯರ್‌ಜರ್ಕರ್’, ಪ್ಯಾಟಿ ಸ್ಮಿತ್ 1996ರಲ್ಲಿ ‘ಅಬೌಟ್ ಎ ಬಾಯ್’. ಸಿಯಾಟಲ್‌ನಲ್ಲಿಯೇ ಇದಕ್ಕೂ ಮೊದಲಿನ ಒಂದು ಉದಾಹರಣೆ ಇದೆ: ಮದರ್ ಲವ್ ಬೋನ್ ತಂಡದ ಗಾಯಕ ಆಂಡ್ರ್ಯೂ ವುಡ್ 1990ರಲ್ಲಿ ತೀರಿಕೊಂಡಾಗ, ಅವರೊಂದಿಗೆ ಒಂದೇ ಮನೆಯಲ್ಲಿದ್ದ ಗಾಯಕ ಕ್ರಿಸ್ ಕಾರ್ನೆಲ್ ಗೆಳೆಯರನ್ನು ಕೂಡಿಸಿ ‘ಟೆಂಪಲ್ ಆಫ್ ದ ಡಾಗ್’ ಎಂಬ ಆಲ್ಬಮನ್ನೇ ಮಾಡಿದರು. ಅದರ ಮೊದಲ ಹಾಡು ‘ಸೇ ಹಲೊ ಟು ಹೆವನ್’ ಕಂಠ ತುಂಬಿ ಬೀಳ್ಕೊಡುವ ಹಾಡು, ಅದನ್ನು ನೀವು ತಪ್ಪದೆ ಕೇಳಬೇಕು. ಅದರಲ್ಲಿ ಸಾವನ್ನು ಒಪ್ಪಿಕೊಂಡು ಕಳಿಸಿಕೊಡುವ ಭಾವವಿದೆ. ‘ಲೆಟ್ ಮಿ ಇನ್’ ಇನ್ನೂ ಒಪ್ಪಿಕೊಂಡಿಲ್ಲ. ಸಾವಿನ ಸುದ್ದಿ ಬಂದ ಮೇಲೂ ಅದು ಫೋನ್ ಹಿಡಿದೇ ನಿಂತಿದೆ.

ನೀವು ಇನ್ನೊಮ್ಮೆ ಕೇಳುವುದಾದರೆ ನನ್ನ ಸಲಹೆ ಇದು. ಮೊದಲು 2008ರ ಪ್ರವಾಸದ ಯಾವುದಾದರೂ ಮುದ್ರಣವನ್ನು ಹುಡುಕಿ. ಆ ಹೊತ್ತಿಗೆ ಅವರು ಈ ಹಾಡಿನ ಗದ್ದಲವನ್ನು ಪೂರ್ತಿ ತೆಗೆದುಹಾಕಿ, ಅಕೂಸ್ಟಿಕ್ ಗಿಟಾರ್‌ಗಳನ್ನು ಹಿಡಿದು, ವೇದಿಕೆಯ ಮೇಲೆ ಒಬ್ಬರಿಗೊಬ್ಬರು ತೀರ ಹತ್ತಿರ ಸೇರಿ ನಿಂತು ಹಾಡುತ್ತಿದ್ದರು. ಅಲ್ಲಿ ಮಾತುಗಳು ಒಂದೂ ಬಿಡದೆ ಕೇಳಿಸುತ್ತವೆ, ರಾಗವೂ ಎಷ್ಟು ಸರಳವಾದದ್ದು ಎಂಬುದು ತಿಳಿಯುತ್ತದೆ. ಕೋಬೇನ್ ತಮ್ಮ ಮುಂದಿನ ಆಲ್ಬಮ್ ಹೇಗಿರಬೇಕೆಂದು ಬಯಸಿದ್ದರೋ ಆ ರೀತಿಗೆ ಈ ರೂಪ ಹತ್ತಿರವಾಗಿದೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಅದಾದ ಮೇಲೆ 1994ರ ಮೂಲ ಮಿಶ್ರಣಕ್ಕೆ ಬನ್ನಿ, ಹೆಡ್‌ಫೋನ್ ಹಾಕಿಕೊಂಡು, ದನಿಯನ್ನು ಹೆಚ್ಚಿಸದೆ ಕೇಳಿ. ಮಾತುಗಳು ಈಗ ನಿಮಗೆ ಗೊತ್ತಿರುತ್ತವೆ, ಆದ್ದರಿಂದ ಗಿಟಾರಿನ ಆಚೆಗಿರುವ ಮನುಷ್ಯ ಎಲ್ಲಿ ನಿಂತಿದ್ದಾನೆ ಎಂಬುದು ನಿಮ್ಮ ಕಿವಿಗೆ ತಾನಾಗಿ ಸಿಗುತ್ತದೆ. ಆರ್ಗನ್ನಿನ ತೆಳುವಾದ ಸ್ವರ ಬಂದು ಸೇರುವ ಜಾಗವನ್ನು ಗಮನಿಸಿ. ಇಡೀ ಹಾಡಿನಲ್ಲಿ ಆ ಒಂದು ವಾದ್ಯ ಮಾತ್ರ ಸ್ಟೈಪ್ ಅವರ ಪಕ್ಕದಲ್ಲಿ, ಹೊರಗೆ ನಿಂತಿದೆ. ಅದನ್ನು ನುಡಿಸುತ್ತಿರುವವರು ಕೋಬೇನ್ ಅವರ ನೆರೆಮನೆಯವರು.